ಅಜ್ಜಿಗೆ ಗೊತ್ತಿಲ್ಲದ್ದು ಏನೂ ಇಲ್ವಾ?

ಎದುರು ಮನೆಯ ಅಜ್ಜ ನಿವೃತ್ತ ಲೈಬ್ರರಿಯನ್. ಮಗಳಿಗೆ ಮೊನ್ನೆ 'ಫೋರ್ಟಿಯನ್' ಅನ್ನೋ ಪದ ಕಲಿಸಿದ್ದಾರೆ. ಕಾರಣ ಸಿಗದ ವಿಚಿತ್ರಗಳಿಗೆ ಹಾಗನ್ನುತ್ತಾರಂತೆ. ಅಮೆರಿಕದಲ್ಲಿ ನಾವಿರುವ ಆಲ್ಬನಿಯಲ್ಲೇ 1874ರಲ್ಲಿ ಹುಟ್ಟಿದ ಚಾರ್ಲ್ಸ್ ಫೋರ್ಟ್ ಹೆಸರಿನಿಂದ ಬಂದದ್ದು. ಮಳೆ ಜೊತೆ ಮೀನು ಬಿತ್ತು, ಕಪ್ಪೆ ಬಿತ್ತು, ಆಕಾಶದಲ್ಲಿ ಏನೋ ಬೆಳಕು ಕಂಡಿತು ಎಂಬ ಸುದ್ದಿಗಳನ್ನು ನ್ಯೂಯಾರ್ಕಿನ ಗ್ರಂಥಾಲಯದಲ್ಲಿ ಕೂತು ಹುಡುಕಿ ಚೀಟಿಯಲ್ಲಿ ಬರೆದಿಡುವುದೇ ಈ ಮನುಷ್ಯನ ಕಸುಬು. 1919ರಲ್ಲಿ 'ದಿ ಬುಕ್ ಆಫ್ ದಿ ಡ್ಯಾಮ್ಡ್' ಬರೆದರು. ಡ್ಯಾಮ್ಡ್ ಅಂದರೆ ಇಲ್ಲಿ ಪಾಪಿಗಳಲ್ಲ, ವಿಜ್ಞಾನದವರು ಪಂಕ್ತಿಯಿಂದ ಎಬ್ಬಿಸಿ ಕಳಿಸಿದ ಸಂಗತಿಗಳು. 1931ರಲ್ಲಿ ಅವರ ಹೆಸರಲ್ಲಿ ಸಂಘ ಶುರುವಾದರೆ, ಸೇರಲು ಅವರೇ ಒಪ್ಪಲಿಲ್ಲವಂತೆ. ಇದು ನನಗೆ ಭಾರಿ ಹಿಡಿಸಿತು.

ಭಾನುವಾರ ಅಂಕೋಲೆಯಲ್ಲಿರುವ ನನ್ನ ಅಮ್ಮನಿಗೆ ಫೋನ್. ಮಗಳು ಕೇಳಿದಳು, "ಅಜ್ಜಿ, ಆಕಾಶದಿಂದ ಮೀನು ಬಿದ್ರೆ ಏನರ್ಥ?"

ಆಯಿ ತಡಮಾಡಲಿಲ್ಲ. "ಏನೋ ನಡೆ ತಪ್ಪಿದೆ ಅಂತ. ದೇವಸ್ಥಾನದಲ್ಲಿ ಪ್ರಸಾದ ಕೇಳ್ಬೇಕು."

ಫೋನ್ ಇಟ್ಟ ಮೇಲೆ ಮಗಳು, "ಅಪ್ಪಾ, ಅಜ್ಜಿಗೆ ಗೊತ್ತಿಲ್ಲದ್ದು ಏನೂ ಇಲ್ವಾ?"

ನಕ್ಕೆ. ಆಮೇಲೆ ಎಲ್ಲೋ ಚುಚ್ಚಿತು. ನಮ್ಮಲ್ಲಿ ಉತ್ತರ ಇಲ್ಲದ್ದು ಯಾವುದಿತ್ತು? ಮಗು ರಚ್ಚೆ ಹಿಡಿದರೆ ಕಣ್ಣು ತಾಗಿದೆ. ಹಸು ಒದ್ದರೆ ಚೌಡಿಗೆ ಕಾಯಿ ಒಡೆದಿಲ್ಲ. ಯಾಣದ ಮಣ್ಣು ಕಪ್ಪೇಕೆ? ಭಸ್ಮಾಸುರನ ಬೂದಿ. ಕಥೆ ನನಗೂ ಇಷ್ಟವೇ. ಆದರೆ ಅತ್ತೆಯ ಮಗನ ಜ್ವರಕ್ಕೂ ಮೊದಲು ಗಾಳಿ ಬಿಡಿಸಿ, ಆಮೇಲೆ ಡಾಕ್ಟರ ಹತ್ತಿರ ಹೋದದ್ದು. ಉಳಿದ, ಪುಣ್ಯ.

ಒಬ್ಬರು ಮಾತ್ರ ಬೇರೆ. ಚಿಕ್ಕವನಿದ್ದಾಗ ಒಂದು ರಾತ್ರಿ ಹಾರವಾಡದ ಕಡೆ ಸಮುದ್ರ ನೀಲಿಯಾಗಿ ಹೊಳೆಯುತ್ತಿತ್ತು. ಅಲೆ ಒಡೆದಲ್ಲೆಲ್ಲ ಬೆಳಕು. ಒದ್ದೆ ಮರಳಿನ ಮೇಲೆ ಕಾಲಿಟ್ಟರೆ ಹೆಜ್ಜೆಯ ಸುತ್ತ ಮಿಣಕ್ ಎಂದು ಹೊತ್ತಿ ಆರುತ್ತಿತ್ತು. ಬಲೆ ಎಳೆಯುತ್ತಿದ್ದ ಪಕ್ಕದ ಮನೆಯ ಮಾವನನ್ನು ಕೇಳಿದೆ. "ಎಂತ ಅಂತ ಗೊತ್ತಿಲ್ಲ ಮಾರಾಯ. ಹೊಳೀತದೆ. ಇದು ಬಂದಾಗ ಬಲೆಗೆ ಮೀನು ಕಮ್ಮಿ," ಎಂದು ಮತ್ತೆ ಹಗ್ಗ ಹಿಡಿದರು. ಕಂಡಷ್ಟೇ ಹೇಳಿದರು, ಒಂದು ಕಾಳೂ ಸೇರಿಸಲಿಲ್ಲ. ನಾಕ್ಟಿಲುಕಾ ಎಂಬ ಒಂದೇ ಕೋಶದ ಜೀವಿ, ನೀರು ಕಲಕಿದಾಗ ಮಿನುಗುತ್ತದೆ ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.

ಮಗಳಿಗೆ ಈಗ ಅದನ್ನು ನೋಡಲೇಬೇಕಂತೆ. ಡಿಸೆಂಬರಿಗೆ ಊರಿಗೆ ಬರುತ್ತಿದ್ದೇವೆ. ಆಯಿಗೆ ಹೇಳಿದರೆ, "ರಾತ್ರಿ ಹೊತ್ತು ಮಗುನ ಸಮುದ್ರಕ್ಕೆ ಕರ್ಕೊಂಡು ಹೋಗ್ಬೇಡ, ಗಾಳಿ ಸೋಕ್ತದೆ" ಅಂದಳು.