ಹಳೆಯ ನೆಟ್‌ಬುಕ್‌ಗೆ ಬೇರೆ ಓಎಸ್ ಹಾಕಿದರೆ ಹ್ಯಾಂಗ್ ಆಗುವುದು ನಿಲ್ಲುತ್ತದೆಯೇ?

ಅಗ್ಗದ ಹಳೆಯ ನೆಟ್‌ಬುಕ್ ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ನನ್ನ ನೆಟ್‌ಬುಕ್ ಆಗಾಗ ಹ್ಯಾಂಗ್ ಆಗುತ್ತದೆ, ಕೆಲವು ಸಲ ತಾನಾಗಿಯೇ ಆಫ್ ಆಗಿಬಿಡುತ್ತದೆ. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ಸರಿಹೋಗುತ್ತದೆಯೇ? ಹಾಕುವುದಾದರೆ ಯಾವುದನ್ನು ಹಾಕಲಿ?" ಎರಡನೆಯ ಪ್ರಶ್ನೆಗೆ ಉತ್ತರಿಸುವುದು ಸುಲಭ. ಆದರೆ ಯಂತ್ರ ಯಾವ ಬಗೆಯಲ್ಲಿ ನಿಲ್ಲುತ್ತಿದೆ ಎಂಬುದು ತಿಳಿಯುವವರೆಗೆ ಆ ಉತ್ತರದಿಂದ ಪ್ರಯೋಜನವಿಲ್ಲ. ಅದನ್ನು ಗಮನಿಸದೆ ಓಎಸ್ (ಆಪರೇಟಿಂಗ್ ಸಿಸ್ಟಂ) ಬದಲಿಸಿದವರು ಹೊಸದರಲ್ಲೂ ಅದೇ ತೊಂದರೆಯನ್ನು ಕಂಡು, ಅದನ್ನೂ ಅಳಿಸಿ ಮತ್ತೊಂದನ್ನು ಹಾಕುತ್ತಾ ಹೋಗುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಮೆಮೊರಿಯ ಕೊರತೆ. ಮೌಸ್‌ನ ಬಾಣ ತಡೆತಡೆದು ಚಲಿಸುತ್ತದೆ, ಡಿಸ್ಕಿನ ದೀಪ ಆರದೆ ಉರಿಯುತ್ತಿರುತ್ತದೆ, ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರೆ ಯಂತ್ರ ಚೇತರಿಸಿಕೊಳ್ಳುವುದೂ ಉಂಟು. ವಾಸ್ತವದಲ್ಲಿ ಇದು ಕ್ರ್ಯಾಶ್ ಅಲ್ಲ. 1 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲಿ ಇಂದಿನ ಬ್ರೌಸರ್ ತೆರೆದು ಮೂರು ನಾಲ್ಕು ಟ್ಯಾಬ್‌ಗಳನ್ನು ಬಳಸಿದರೆ, ಓಎಸ್ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆಯುವುದರಲ್ಲಿ ಮತ್ತು ಬರೆದದ್ದನ್ನು ಮರಳಿ ಓದುವುದರಲ್ಲಿಯೇ ಮುಳುಗಿಬಿಡುತ್ತದೆ. ಓಎಸ್ ಬದಲಾವಣೆಯಿಂದ ನಿಜವಾದ ಲಾಭ ಸಿಗುವುದು ಇಂಥ ಸಂದರ್ಭದಲ್ಲಿಯೇ. ಎಲ್‌ಎಕ್ಸ್‌ಕ್ಯೂಟಿ ಅಥವಾ ಐಸ್‌ಡಬ್ಲ್ಯೂಎಂನಂತಹ ಹಗುರವಾದ ಡೆಸ್ಕ್‌ಟಾಪ್ ಇರುವ ಲಿನಕ್ಸ್ ಹಾಕಿ, ಮೆಮೊರಿಯಲ್ಲಿರುವ ದತ್ತಾಂಶವನ್ನು ಅಲ್ಲಿಯೇ ಒತ್ತಿ ಕಿರಿದಾಗಿಸುವ ಝಡ್‌ರ್‍ಯಾಮ್ ಸೌಲಭ್ಯವನ್ನು ಚಾಲೂ ಮಾಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅರ್ಲಿಓಓಎಂ ಎಂಬ ಸಣ್ಣ ತಂತ್ರಾಂಶವನ್ನೂ ನಾನು ತಪ್ಪದೆ ಹಾಕುತ್ತೇನೆ. ಮೆಮೊರಿ ಪೂರ್ತಿ ಮುಗಿಯುವ ಮುನ್ನವೇ ಅದು ಹೆಚ್ಚು ನುಂಗುತ್ತಿರುವ ಪ್ರೋಗ್ರಾಂ ಅನ್ನು ಮುಚ್ಚಿ ಉಳಿದವನ್ನು ಬದುಕಿಸುತ್ತದೆ. ಆದರೆ ಡೆಸ್ಕ್‌ಟಾಪ್ ಎಷ್ಟೇ ಹಗುರವಾದರೂ ಬ್ರೌಸರ್ ಹಗುರವಾಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಯಾವ ಸೂಚನೆಯೂ ಇಲ್ಲದೆ ಯಂತ್ರ ಪೂರ್ತಿ ಆಫ್ ಆಗುತ್ತಿದ್ದರೆ, ಅದರಲ್ಲೂ ವಿಡಿಯೊ ನೋಡುವಾಗ ಅಥವಾ ದೊಡ್ಡ ಅಪ್‌ಡೇಟ್ ನಡೆಯುವಾಗ ಹೀಗಾಗುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಶಾಖವನ್ನು. ಫ್ಯಾನಿನ ಹಾದಿಯಲ್ಲಿ ಧೂಳು ಕಟ್ಟಿಕೊಂಡಿರುತ್ತದೆ, ಇಲ್ಲವೇ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಎರಡನೆಯ ಅನುಮಾನ ವಿದ್ಯುತ್ತಿನದು. ಬ್ಯಾಟರಿ ತೆಗೆಯಲು ಬರುವಂತಿದ್ದರೆ ಅದನ್ನು ತೆಗೆದು ಚಾರ್ಜರ್ ಮೇಲೆ ಮಾತ್ರ ನಡೆಸಿ, ಆಮೇಲೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಮಾತ್ರ ನಡೆಸಿ ನೋಡಿದರೆ ದೋಷ ಯಾವ ಕಡೆಯಲ್ಲಿದೆ ಎಂಬುದು ತಿಳಿಯುತ್ತದೆ. ವಿಂಡೋಸ್ ಬಳಸುವವರು ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ದಾಖಲೆಯನ್ನು ಕಂಡು ಕಾರಣವೇ ಸಿಕ್ಕಿತೆಂದು ಬರೆಯುತ್ತಾರೆ. ಆ ದಾಖಲೆ ಹೇಳುವುದು ಯಂತ್ರ ಕ್ರಮಬದ್ಧವಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ. ಅದು ನಮಗೆ ಮೊದಲೇ ಗೊತ್ತಿದ್ದ ಸಂಗತಿ.

ಕಡತಗಳು ತೆರೆಯದಿರುವುದು, ಏನನ್ನೂ ಸೇವ್ ಮಾಡಲು ಬಾರದಂತಾಗುವುದು, ಲಿನಕ್ಸ್‌ನಲ್ಲಿ ಫೈಲ್ ಸಿಸ್ಟಂ ಇದ್ದಕ್ಕಿದ್ದಂತೆ ಓದಲು ಮಾತ್ರ ಎಂಬ ಸ್ಥಿತಿಗೆ ಬರುವುದು, ಇವು ಡಿಸ್ಕ್ ಅಥವಾ ಇಎಂಎಂಸಿ (ಅಗ್ಗದ ಯಂತ್ರಗಳಲ್ಲಿ ಡಿಸ್ಕಿನ ಬದಲು ಇರುವ ಸಂಗ್ರಹ ಚಿಪ್) ಕೈಕೊಡುತ್ತಿರುವುದರ ಲಕ್ಷಣಗಳು. ಇದಕ್ಕೆ ಯಾವ ಓಎಸ್ ಕೂಡ ಮದ್ದಲ್ಲ. ಬೇಕಾದ ಕಡತಗಳನ್ನು ಆ ದಿನವೇ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.

ಇನ್ನು ಉಳಿದಿರುವುದು ಎಲ್ಲಕ್ಕಿಂತ ಗೋಜಲಿನದು. ಪರದೆಯ ಮೇಲಿನ ಚಿತ್ರ ಹಾಗೆಯೇ ನಿಂತುಬಿಡುತ್ತದೆ, ಹಾಡು ಕೇಳುತ್ತಿದ್ದರೆ ಅದರ ಒಂದು ತುಣುಕು ಗರಗರನೆ ಮರುಕಳಿಸುತ್ತಿರುತ್ತದೆ, ಬಾಣ ಅಲುಗುವುದಿಲ್ಲ. ಆಗ ಪವರ್ ಬಟನ್‌ಗೆ ಕೈ ಹಾಕುವ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ಹತ್ತಿ ಆರುತ್ತದೆಯೇ ಎಂದು ನೋಡಬೇಕು. ಲಿನಕ್ಸ್‌ನಲ್ಲಾದರೆ ಇನ್ನೂ ಒಳ್ಳೆಯ ಪರೀಕ್ಷೆಯಿದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಒತ್ತಿ ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಎರಡೆರಡು ಸೆಕೆಂಡ್ ಬಿಟ್ಟು ಒಂದರ ನಂತರ ಒಂದನ್ನು ಒತ್ತುವುದು. ಎಸ್ ಬರೆಯಲು ಬಾಕಿಯಿರುವುದನ್ನು ಡಿಸ್ಕಿಗೆ ಬರೆಸುತ್ತದೆ, ಯು ಫೈಲ್ ಸಿಸ್ಟಂ ಅನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತರುತ್ತದೆ, ಬಿ ಯಂತ್ರವನ್ನು ರೀಬೂಟ್ ಮಾಡುತ್ತದೆ. ನೆಟ್‌ಬುಕ್‌ನ ಚಿಕ್ಕ ಕೀಬೋರ್ಡ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಬೇರೊಂದು ಕೀಲಿಯ ಬೆನ್ನೇರಿ ಕುಳಿತಿರುವುದರಿಂದ ಎಫ್‌ಎನ್ ಕೂಡ ಒತ್ತಬೇಕಾಗಬಹುದು. ಬೆರಳುಗಳಿಗೆ ಅದೊಂದು ಕಸರತ್ತೇ ಸರಿ. ಹೀಗೆ ಮಾಡಿದಾಗ ಯಂತ್ರ ರೀಬೂಟ್ ಆದರೆ ಓಎಸ್‌ನ ತಿರುಳಾದ ಕರ್ನಲ್ ಜೀವಂತವಾಗಿದೆ, ಕೆಟ್ಟಿರುವುದು ಗ್ರಾಫಿಕ್ಸ್ ಅಥವಾ ಡೆಸ್ಕ್‌ಟಾಪ್ ಎಂದು ಊಹಿಸಬಹುದು. ಏನೂ ಆಗದಿದ್ದರೆ ಕರ್ನಲ್ ಸಹಿತ ಎಲ್ಲವೂ ನಿಂತಿದೆ ಎಂದೇ ಬಹುಮಟ್ಟಿಗೆ ಅರ್ಥ. ಆಗ ಮೆಮೊರಿ ದೋಷವನ್ನೋ ಪ್ರೊಸೆಸರ್‌ಗೆ ಸಂಬಂಧಿಸಿದ ದೋಷವನ್ನೋ ಹುಡುಕಬೇಕು.

ಈ ಕೊನೆಯ ಬಗೆಗೆ ಒಳ್ಳೆಯ ಉದಾಹರಣೆ ಇಂಟೆಲ್‌ನ ಬೇ ಟ್ರೇಲ್ ಪ್ರೊಸೆಸರ್‌ಗಳು. 2013ರ ನಂತರ ಬಂದ ಅಗ್ಗದ ಯಂತ್ರಗಳಲ್ಲಿ ಈ ಕುಟುಂಬದ ಸೆಲೆರಾನ್ ಎನ್2840, ಆಟಂ ಝಡ್3735ಎಫ್ ಮುಂತಾದವು ತುಂಬಿಕೊಂಡಿದ್ದವು. ಲಿನಕ್ಸ್ ಹಾಕಿದಾಗ ಇವುಗಳಲ್ಲಿ ಅನೇಕವು ಯಾವ ದೋಷ ಸಂದೇಶವನ್ನೂ ಬಿಡದೆ ಕಲ್ಲಾಗಿ ನಿಲ್ಲುತ್ತಿದ್ದವು. ಕೆಲಸವಿಲ್ಲದಾಗ ಪ್ರೊಸೆಸರ್ ವಿದ್ಯುತ್ ಉಳಿಸಲು ಸಿ-ಸ್ಟೇಟ್ ಎಂಬ ನಿದ್ರೆಯ ಹಂತಗಳಿಗೆ ಇಳಿಯುತ್ತದೆ. ತೊಡಕು ಇದ್ದದ್ದು ಆಳವಾದ ಹಂತಗಳಲ್ಲಿ. ಪರಿಹಾರವನ್ನು ಏನನ್ನೂ ಅಳಿಸದೆ ಪರೀಕ್ಷಿಸಬಹುದು. ಬೂಟ್ ಆಗುವಾಗ ಗ್ರಬ್ (ಲಿನಕ್ಸ್ ಅನ್ನು ಆರಂಭಿಸುವ ಪುಟ್ಟ ತಂತ್ರಾಂಶ) ಪಟ್ಟಿ ಕಂಡೊಡನೆ ಇ ಒತ್ತಿ, ಲಿನಕ್ಸ್ ಎಂಬ ಪದದಿಂದ ಆರಂಭವಾಗುವ ಸಾಲಿನ ಕೊನೆಗೆ ಹೋಗಿ, ಇಂಟೆಲ್-ಐಡಲ್‌ನ ಮ್ಯಾಕ್ಸ್-ಸಿಸ್ಟೇಟ್ ಎಂಬ ನಿಯತಾಂಕಕ್ಕೆ 1 ಎಂಬ ಬೆಲೆ ಕೊಟ್ಟು (intel_idle.max_cstate=1) ಸೇರಿಸಿ, ಎಫ್10 ಒತ್ತಿದರೆ ಆ ಒಂದು ಬೂಟ್‌ಗೆ ಮಾತ್ರ ಅದು ಅನ್ವಯಿಸುತ್ತದೆ. ಹ್ಯಾಂಗ್ ಆಗುವುದು ನಿಂತರೆ ಗ್ರಬ್‌ನ ಸಂರಚನಾ ಕಡತದಲ್ಲಿ ಅದನ್ನು ಶಾಶ್ವತವಾಗಿ ಬರೆಯಬಹುದು. ಬ್ಯಾಟರಿ ಬೇಗ ಇಳಿಯುವುದು ಇದಕ್ಕೆ ತೆರಬೇಕಾದ ಬೆಲೆ. ಕರ್ನಲ್‌ನ ನಂತರದ ಆವೃತ್ತಿಗಳಲ್ಲಿ ಪರಿಸ್ಥಿತಿ ಸುಧಾರಿಸಿದ್ದರಿಂದ, ಮೊದಲು ಹೊಸ ಕರ್ನಲ್ ಹಾಕಿ ನೋಡಿ, ಆಮೇಲೂ ತೊಂದರೆ ಉಳಿದರೆ ಮಾತ್ರ ಈ ದಾರಿ ಹಿಡಿಯುವುದು ಮೇಲು.

ಓಎಸ್ ಬದಲಿಸುವ ಮುನ್ನ ಮಾಡಲೇಬೇಕಾದ ಕೆಲಸಗಳು ಎರಡು. ಮೊದಲನೆಯದು ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ನಡೆಯಲು ಬಿಡುವುದು. ದೋಷವನ್ನು ತೋರಿಸುವ ಕೆಂಪು ಸಾಲು ಒಂದೇ ಒಂದು ಬಂದರೂ ರ್‍ಯಾಮ್ ಅನ್ನು ನಂಬುವಂತಿಲ್ಲ. ಕಳಚಲು ಬರುವಂತಿದ್ದರೆ ಅದನ್ನು ತೆಗೆದು, ಸಂಪರ್ಕದ ಅಂಚನ್ನು ಒರೆಸಿ, ಮರಳಿ ಗಟ್ಟಿಯಾಗಿ ಕೂರಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಎರಡನೆಯದು, ಹಾಕಬೇಕೆಂದಿರುವ ಲಿನಕ್ಸ್ ಅನ್ನು ಸ್ಥಾಪಿಸದೆ ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಕೆಲವು ಗಂಟೆ ಬಳಸುವುದು. ವೈಫೈ, ಧ್ವನಿ, ಪರದೆಯ ಬೆಳಕು, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಏಳುವುದು, ಎಲ್ಲವನ್ನೂ ಅಲ್ಲಿಯೇ ನೋಡಿಕೊಳ್ಳಬಹುದು. ಲೈವ್‌ನಲ್ಲೂ ಹಿಂದಿನಂತೆಯೇ ಹ್ಯಾಂಗ್ ಆದರೆ, ಸ್ಥಾಪಿಸಿದ ಮೇಲೆ ಆಗುವುದಿಲ್ಲ ಎಂದು ನಂಬಲು ಕಾರಣವಿಲ್ಲ. ಡೌನ್‌ಲೋಡ್ ಮಾಡಿದ ಐಎಸ್‌ಒ ಕಡತದ (ಓಎಸ್ ಸ್ಥಾಪನೆಯ ಕಡತ) ಎಸ್‌ಎಚ್‌ಎ256 ಮೊತ್ತವನ್ನು, ಅಂದರೆ ಕಡತದ ಬೆರಳಚ್ಚಿನಂತಹ ಸಂಕೇತವನ್ನು, ಡೌನ್‌ಲೋಡ್ ತಾಣದಲ್ಲಿ ಕೊಟ್ಟಿರುವುದರೊಂದಿಗೆ ತಾಳೆ ನೋಡಿರುವುದೂ ಅಗತ್ಯ. ಅರೆಬರೆ ಇಳಿದ ಐಎಸ್‌ಒ ಬಳಸಿದರೆ ಸ್ಥಾಪನೆ ನಡುವೆಯೇ ಕುಸಿಯುತ್ತದೆ, ದೂರು ಯಂತ್ರದ ಮೇಲೆ ಬರುತ್ತದೆ.

ಈಗ ಯಾವ ಓಎಸ್ ಎಂಬ ಪ್ರಶ್ನೆ. ಅದನ್ನು ನಿರ್ಧರಿಸುವುದು ನಮ್ಮ ಇಷ್ಟಕ್ಕಿಂತ ಹೆಚ್ಚಾಗಿ ಪ್ರೊಸೆಸರ್. 2008ರಲ್ಲಿ ಬಂದ ಆಟಂ ಎನ್270 ಬರೀ 32 ಬಿಟ್‌ನದು, 64 ಬಿಟ್ ಓಎಸ್ ಅದರಲ್ಲಿ ನಡೆಯುವುದಿಲ್ಲ. ಲಿನಕ್ಸ್‌ನ ಹೆಸರಾಂತ ವಿತರಣೆಗಳಲ್ಲಿ ಉಬುಂಟು ತನ್ನ 32 ಬಿಟ್ ಡೆಸ್ಕ್‌ಟಾಪ್ ಐಎಸ್‌ಒವನ್ನು 17.10ರಿಂದಲೇ ನಿಲ್ಲಿಸಿತು, 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಸ್ಥಾಪಕವೇ ಇಲ್ಲ. ಆದ್ದರಿಂದ ಇಂಥ ಯಂತ್ರಕ್ಕೆ ಡೆಬಿಯನ್ 12 ಅಥವಾ ಅದರ ಮೇಲೆ ಕಟ್ಟಿದ ಆಂಟಿಎಕ್ಸ್ ನನ್ನ ಸಲಹೆ. ಲಿನಕ್ಸ್‌ನ 32 ಬಿಟ್ ಆವೃತ್ತಿಯನ್ನು ಕ್ರೋಮ್ 2016ರಲ್ಲಿಯೇ ಕೈಬಿಟ್ಟಿದೆ, ಫೈರ್‌ಫಾಕ್ಸ್ ಕೂಡ 144ನೆಯ ಆವೃತ್ತಿಯೇ ಕೊನೆಯದೆಂದು ಹೇಳಿದೆ. ಹೀಗಾಗಿ ಈ ಯಂತ್ರಗಳನ್ನು ಬರೆಯಲು, ಪಿಡಿಎಫ್ ಓದಲು, ಹಾಡು ಕೇಳಲು ಇಟ್ಟುಕೊಳ್ಳಬೇಕೇ ಹೊರತು ಜಾಲತಾಣಗಳಲ್ಲಿ ಓಡಾಡಲು ಅಲ್ಲ.

2010ರ ಎನ್450 ಮತ್ತು ನಂತರದ ನೆಟ್‌ಬುಕ್ ಆಟಂಗಳು 64 ಬಿಟ್‌ನವಾದ್ದರಿಂದ ಆಯ್ಕೆ ವಿಶಾಲವಾಗಿದೆ. (ಆ ಕಾಲದ ಅನೇಕ ಯಂತ್ರಗಳು ವಿಂಡೋಸ್ 7 ಸ್ಟಾರ್ಟರ್ ಹೊತ್ತು ಬಂದವು, ಅದರಲ್ಲಿ ವಾಲ್‌ಪೇಪರ್ ಬದಲಿಸಲೂ ಅವಕಾಶವಿರಲಿಲ್ಲ. ಬೇರೆ ಓಎಸ್ ಹಾಕಲು ಅದಕ್ಕಿಂತ ಒಳ್ಳೆಯ ಪ್ರೇರಣೆ ಬೇಕೇ?) ಎನ್2600 ಇರುವವರು ಮಾತ್ರ ಎಚ್ಚರ ವಹಿಸಬೇಕು. ಅದರ ಜಿಎಂಎ 3600 ಗ್ರಾಫಿಕ್ಸ್ ಪವರ್‌ವಿಆರ್ ಮೂಲದ್ದು. ಲಿನಕ್ಸ್‌ನ ಮುಕ್ತ ಡ್ರೈವರ್‌ನಲ್ಲಿ ಅದಕ್ಕೆ 3ಡಿ ವೇಗವರ್ಧನೆ ಇಲ್ಲದ್ದರಿಂದ ವಿಡಿಯೊ ಕುಂಟುತ್ತದೆ. ಬೇ ಟ್ರೇಲ್ ಯಂತ್ರಗಳಲ್ಲಿ ಇನ್ನೊಂದು ವಿಚಿತ್ರವಿದೆ: ಪ್ರೊಸೆಸರ್ 64 ಬಿಟ್‌ನದಾದರೂ ಹಲವಲ್ಲಿ ಯುಇಎಫ್‌ಐ (ಓಎಸ್‌ಗೂ ಮೊದಲು ಚಾಲೂ ಆಗಿ ಯಂತ್ರವನ್ನು ಬೂಟ್ ಮಾಡಿಸುವ ತಂತ್ರಾಂಶ) 32 ಬಿಟ್‌ನದು. ಹೀಗಾಗಿ ಅನೇಕ ಪೆನ್‌ಡ್ರೈವ್‌ಗಳು ಬೂಟ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಬಳಸುವವರು ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. 32 ಬಿಟ್ ಯುಇಎಫ್‌ಐ ಬೆಂಬಲವಿರುವ ಸ್ಥಾಪಕವನ್ನೇ ಆರಿಸಬೇಕು. ಡೆಬಿಯನ್ ಈ ಬೆಂಬಲವನ್ನು ಬಹಳ ಹಿಂದೆಯೇ ಒದಗಿಸಿತು.

ವಿಂಡೋಸ್‌ನಲ್ಲಿಯೇ ಉಳಿಯಬಾರದೇ ಎಂದು ಕೇಳುವವರೂ ಇದ್ದಾರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ. 2 ಜಿಬಿ ರ್‍ಯಾಮ್ ಮತ್ತು 32 ಜಿಬಿ ಇಎಂಎಂಸಿಯ ಯಂತ್ರಕ್ಕೆ ಆ ಬಾಗಿಲು ಮುಚ್ಚಿದೆ.

ಹೊಸ ಓಎಸ್ ಹಾಕಿದ ಮೇಲೂ ಕ್ರ್ಯಾಶ್ ಆದರೆ, ಮರುಸ್ಥಾಪನೆಗೆ ಹೊರಡುವ ಮೊದಲು ಹಿಂದಿನ ಬೂಟ್‌ನ ದಾಖಲೆಯನ್ನು ಓದಬೇಕು. ಸಿಸ್ಟಂಡಿ (ಸೇವೆಗಳನ್ನು ಆರಂಭಿಸಿ ನಿರ್ವಹಿಸುವ ತಂತ್ರಾಂಶ) ಇರುವ ಲಿನಕ್ಸ್‌ಗಳಲ್ಲಿ ಜರ್ನಲ್‌ಸಿಟಿಎಲ್ ಆದೇಶಕ್ಕೆ ಬಿ ಆಯ್ಕೆಯ ಜೊತೆ ಋಣ 1 ಕೊಟ್ಟರೆ (journalctl -b -1) ಅದು ಸಿಗುತ್ತದೆ. ನೋಡಬೇಕಾದದ್ದು ಕೊನೆಯ ಕೆಲವು ಸಾಲುಗಳನ್ನು. ಅಲ್ಲಿ ಮೆಮೊರಿ ಮುಗಿದ ಮಾತಿದ್ದರೆ, ತಾಪಮಾನ ಮಿತಿ ಮೀರಿದ ಮಾತಿದ್ದರೆ, ಐ915 ಎಂಬ ಇಂಟೆಲ್ ಗ್ರಾಫಿಕ್ಸ್ ಡ್ರೈವರ್‌ನ ದೂರಿದ್ದರೆ ಹುಡುಕಾಟ ಬಹುಪಾಲು ಮುಗಿದಂತೆಯೇ. ಏನೂ ಇಲ್ಲದೆ ದಾಖಲೆ ನಡುವೆಯೇ ಕತ್ತರಿಸಿದಂತೆ ನಿಂತಿದ್ದರೆ ವಿದ್ಯುತ್, ಶಾಖ, ರ್‍ಯಾಮ್ ಅಥವಾ ಸಿ-ಸ್ಟೇಟ್ ಕಡೆಗೆ ತಿರುಗಬೇಕು. ಚೆನ್ನಾಗಿಯೇ ನಡೆಯುತ್ತಿದ್ದ ಯಂತ್ರ ಅಪ್‌ಡೇಟ್ ಆದ ಮರುದಿನದಿಂದ ನಿಲ್ಲತೊಡಗಿದ್ದರೆ, ಗ್ರಬ್‌ನ ಅಡ್ವಾನ್ಸ್‌ಡ್ ಆಯ್ಕೆಗಳಲ್ಲಿ ಹಳೆಯ ಕರ್ನಲ್ ಇನ್ನೂ ಉಳಿದಿರುತ್ತದೆ. ಅದರಿಂದ ಬೂಟ್ ಮಾಡಿದಾಗ ತೊಂದರೆ ಮಾಯವಾದರೆ, ಮುಂದಿನ ಕರ್ನಲ್ ಬರುವವರೆಗೆ ಅದನ್ನೇ ಬಳಸುವುದು ಸಾಕು.