ಕೊರತೆ ಲೆಟಿಸ್ಸಿಗೆ, ನೂಕುನುಗ್ಗಲು ಟಾಯ್ಲೆಟ್ ಪೇಪರಿಗೆ

ಡಿಸೆಂಬರ್ 2020, ಬ್ರಿಟನ್. ಕೊರೊನಾದ ಹೊಸ ರೂಪಾಂತರಿ ಸುದ್ದಿ ಬಂದದ್ದೇ ತಡ, 20ರ ರಾತ್ರಿ ಫ್ರಾನ್ಸ್ 48 ಗಂಟೆ ಗಡಿ ಮುಚ್ಚಿತು. ಮರುದಿನ ಸೂಪರ್‌ಮಾರ್ಕೆಟ್ ಎದುರು ಹನುಮಂತನ ಬಾಲದಂಥ ಕ್ಯೂ.

ನಿಜಕ್ಕೂ ಮುಚ್ಚಿದ್ದು ಬ್ರಿಟನ್ನಿನಿಂದ ಹೊರಹೋಗುವ ದಾರಿ. ಒಳಬರುವ ಸರಕಿಗೆ ತಡೆ ಇರಲಿಲ್ಲ. ಆದರೆ ಬ್ರಿಟನ್ನಿನ ಡೋವರ್ ಬಂದರು ದಾಟಿ ಬಂದ ಲಾರಿ ಲೋಡ್ ಇಳಿಸಿ ಫ್ರಾನ್ಸಿನ ಕಲೇ ಬಂದರಿಗೆ ವಾಪಸ್ ಹೋಗಬೇಕಲ್ಲ? ಕ್ರಿಸ್‌ಮಸ್ ಹಬ್ಬಕ್ಕೆ ಮನೆ ಸೇರೋದೇ ಅನುಮಾನ ಅಂದ್ರೆ ಯಾವ ಡ್ರೈವರ್ ಬರ್ತಾನೆ!

ಸೂಪರ್‌ಮಾರ್ಕೆಟ್ ಕಂಪನಿ ಸೇನ್ಸ್‌ಬರೀಸ್ ಕೊರತೆ ಆಗಬಹುದು ಅಂತ ಎಚ್ಚರಿಸಿದ್ದು ಲೆಟಿಸ್ ಅನ್ನೋ ಸಲಾಡ್ ಸೊಪ್ಪು, ಹೂಕೋಸು, ಬ್ರೊಕೊಲಿ, ಕಿತ್ತಳೆ ಜಾತಿಯ ಹಣ್ಣುಗಳ ಬಗ್ಗೆ. ಚಳಿಗಾಲದಲ್ಲಿ ಅವು ಹೆಚ್ಚಾಗಿ ಸ್ಪೇನ್ ಕಡೆಯಿಂದ ಬರೋದು. ಲೆಟಿಸ್ ಅಂತೂ ಕೆಲವೇ ದಿನಕ್ಕೆ ಬಾಡುತ್ತೆ, ದಾಸ್ತಾನು ಮಾಡೋಕಾಗಲ್ಲ. ಆದರೆ ಜನ ಹೊತ್ತುಕೊಂಡು ಹೋದದ್ದು ಟಾಯ್ಲೆಟ್ ಪೇಪರ್! ಇನ್ನೊಂದು ಸೂಪರ್‌ಮಾರ್ಕೆಟ್ ಟೆಸ್ಕೊ ಅದನ್ನ ತಲೆಗೆ ಒಂದೇ ಪ್ಯಾಕ್ ಅಂತ ಮಾಡಿತು. ಮೊಟ್ಟೆ, ಅಕ್ಕಿ, ಸೋಪು ಮೂರು ಮೂರು.

ಪೇಪರ್ ಪ್ಯಾಕ್ ಗಾತ್ರದಲ್ಲಿ ದೊಡ್ಡದು, ಶೆಲ್ಫಿನಲ್ಲಿ ಹಿಡಿಸೋದೇ ಕಮ್ಮಿ. ಇಪ್ಪತ್ತು ಜನ ಒಂದೊಂದು ಹೆಚ್ಚಿಗೆ ಎತ್ತಿದರೂ ಗೋಡೆವರೆಗೆ ಬೋಳು. ಆ ಬೋಳು ಶೆಲ್ಫಿನ ಫೋಟೊ ವಾಟ್ಸಾಪ್‌ಗೆ ಬಿತ್ತೋ, ಮುಗೀತು. ಅತ್ತ ಕ್ರಿಸ್‌ಮಸ್ ಊಟಕ್ಕೆ ಬೇಕಾದ ಆಲೂಗಡ್ಡೆ, ಕ್ಯಾರೆಟ್, ಪುಟ್ಟ ಕೋಸಿನಂಥ ಬ್ರಸಲ್ಸ್ ಸ್ಪ್ರೌಟ್ ಬಹುಪಾಲು ಬ್ರಿಟನ್ನಿನಲ್ಲೇ ಬೆಳೆದದ್ದು.