ತೋಟದ ಬೊಡ್ಡೆಯಿಂದ ಸರೀಸೃಪದ ಗೂಡಿಗೆ: ಕೊಡಗಿನಲ್ಲಿ ಅಲಂಕಾರ ಮಾಡುವವರಿಗೆ

ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ, ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಎಂಬ ಹಾವುಗಳನ್ನು ಸಾಕುವವರು ಅಂಗಡಿಯಲ್ಲಿ ದುಡ್ಡು ಸುರಿದು ತರುವ ಕೊಂಬೆ, ಬೊಡ್ಡೆ ಕೊಡಗಿನಲ್ಲಿ ಮನೆಯ ಹಿಂದೆಯೇ ಬಿದ್ದಿರುತ್ತವೆ. ಆದರೆ ತೋಟ ಎಂದರೆ ಔಷಧಿ ಹೊಡೆಯುವ ಜಾಗ. ಯಾವ ಬೊಡ್ಡೆ ತರುತ್ತೀರಿ ಅನ್ನುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

(ಪ್ರಾಣಿಯನ್ನೂ ತೋಟದಿಂದಲೇ ಹಿಡಿದು ತರುವ ಯೋಚನೆ ಬೇಡ. ಉಡ, ಹೆಬ್ಬಾವು, ನಕ್ಷತ್ರ ಆಮೆ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿಗೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು.)

ಕಾಫಿಯಲ್ಲಿ ರೊಬಸ್ಟಾ ಬೊಡ್ಡೆಯನ್ನೇ ಆರಿಸಿ. ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ; ಅದಕ್ಕೆಂದು ಕಾಂಡಕ್ಕೇ ಕೀಟನಾಶಕ ಬಳಿದಿರುವ ಸಾಧ್ಯತೆ ಹೆಚ್ಚು. ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಮರದ ಹುಡಿ ಒತ್ತಾಗಿ ತುಂಬಿದ ಸುರಂಗಗಳು ಕಂಡರೆ ಅದು ಒಲೆಗೆ. ತೊಗಟೆಯ ಮೇಲೆ ನೀಲಿ ಬೆರೆತ ಬಿಳಿ ಕಲೆ ಇದ್ದರೆ ಬೋರ್ಡೋ ದ್ರಾವಣ ಬಿದ್ದಿದೆ, ಅಂದರೆ ಮೈಲುತುತ್ತದ ತಾಮ್ರ. ಕಲೆ ಇರಲಿ ಬಿಡಲಿ, ತೊಗಟೆ ಪೂರ್ತಿ ಸುಲಿಯಲೇಬೇಕು. ಹುಳು, ಇರುವೆ, ಔಷಧಿಯ ಶೇಷ ಎಲ್ಲ ಕೂತಿರುವುದು ಅಲ್ಲೇ. ಯಾವ ಔಷಧಿ ಹೊಡೆದಿದೆ ಎಂದು ಹೇಳುವವರೇ ಇಲ್ಲದ ತೋಟದ ಮರ ಎಷ್ಟು ಚೆಂದವಿದ್ದರೂ ಬಿಟ್ಟುಬಿಡಿ. ಬೇಯಿಸಿದರೆ ಹುಳು ಸಾಯುತ್ತದೆ, ಆದರೆ ಕೀಟನಾಶಕ ಹೋಗುತ್ತದೆ ಎಂಬ ಭರವಸೆ ಇಲ್ಲ.

ಸುಲಿದ ಬೊಡ್ಡೆಯನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ, ಅಡುಗೆಗೆ ಬಳಸದ ಹಳೇ ಹಂಡೆಯಲ್ಲಿ ಒಂದು ಗಂಟೆ ಕುದಿಸಿ. ನೀರು ಕಂದಾಗುತ್ತದೆ, ಚೆಲ್ಲಿ ಇನ್ನೊಮ್ಮೆ ಕುದಿಸಿ. ಸೋಪು, ಫಿನೈಲ್ ಎರಡೂ ಬೇಡ. ಮರ ಅದನ್ನು ಹೀರಿಕೊಂಡು, ಗೂಡನ್ನು ಬೆಚ್ಚಗಿಡುವ ದೀಪದ ಬಿಸಿಗೆ ಆವಿಯಾಗಿ ಬಿಡುತ್ತದೆ. ಮುಚ್ಚಿದ ಗೂಡಿನಲ್ಲಿ ಆ ಆವಿ ಪ್ರಾಣಿಯ ಶ್ವಾಸಕ್ಕೇ ಹೋಗುತ್ತದೆ. ಆಮೇಲೆ ಒಣಗಿಸುವುದು. ಸುಗ್ಗಿಯ ಹಬ್ಬ ಪುತ್ತರಿ ಕಳೆದು ಬಿಸಿಲು ಬಿದ್ದ ಮೇಲೆ ಎರಡು ಮೂರು ವಾರ ಸಾಕು. ಕಕ್ಕಡ ತಿಂಗಳ ಮಳೆಯಲ್ಲಿ ಶುರುಮಾಡಿದರೆ ಒಳಗಿನ ಪಸೆ ಆರುವುದೇ ಇಲ್ಲ, ಗೂಡಿಗೆ ಇಟ್ಟ ಕೆಲವೇ ದಿನಕ್ಕೆ ಬೂಷ್ಟು ಹತ್ತುತ್ತದೆ. ಕೊನೆಗೆ 80, ಆಮೇಲೆ 120ರ ಉಪ್ಪುಕಾಗದದಿಂದ ತಿಕ್ಕಿ. ವಾರ್ನಿಷ್ ಬೇಡ.

ಕಾಫಿ ಮರ ಬಲು ಗಟ್ಟಿ. ನೇರ ಸ್ಕ್ರೂ ತಿರುಗಿಸಿದರೆ ಸೀಳುತ್ತದೆ, ಮೊದಲು 3 ಮಿ.ಮೀ. ತೂತು ಕೊರೆದು 5 ಮಿ.ಮೀ. ಸ್ಟೀಲ್ ಸ್ಕ್ರೂ ಹಾಕಿ, ಕೆಳಗಿನಿಂದ ಹಲಗೆಗೆ ಬಿಗಿಯಿರಿ. ಬೊಡ್ಡೆಯಾಗಲಿ, ಹೊಳೆಕಲ್ಲಾಗಲಿ ಗೂಡಿನ ತಳದ ಮೇಲೇ ಕೂರಬೇಕು, ಮಣ್ಣು ಆಮೇಲೆ. ಮಣ್ಣಿನ ಮೇಲಿಟ್ಟ ಕಲ್ಲಿನಡಿ ಡ್ರ್ಯಾಗನ್ ತೋಡುತ್ತಾ ಹೋಗಿ ಅಪ್ಪಚ್ಚಿಯಾಗುತ್ತದೆ. ಹೊಳೆಕಲ್ಲನ್ನು ಓವನ್‌ಗೆ, ಕೆಂಡಕ್ಕೆ ಹಾಕಬೇಡಿ. ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ.

ಗೂಡಿನ ಹಿಂಬದಿಗೆ ಬಂಡೆಯಂತೆ ಕಾಣುವ ಗೋಡೆ ಮಾಡಲು 2 ಇಂಚಿನ ಥರ್ಮೋಕೋಲ್ ಹಾಳೆ ಸಾಕು. ಚಾಕುವಿನಿಂದ ಕೆತ್ತಿ, ಟೈಲ್ಸ್‌ಗೆ ಹಾಕುವ ಸಿಮೆಂಟ್ ಗ್ರೌಟ್ ಬಳಿಯಿರಿ. ಮೊದಲ ಕೋಟು ನೀರುದೋಸೆ ಹಿಟ್ಟಿನ ಹದ, ಸಂದುಗಳಿಗೆಲ್ಲ ಇಳಿಯಲಿ. ಮುಂದಿನ ಎರಡು ಕೋಟು ಗಟ್ಟಿ. ಪ್ರತಿ ಕೋಟಿಗೂ ಒಂದು ದಿನದ ಅಂತರ, ನಡುವೆ ನೆರಳಲ್ಲಿಟ್ಟು ನೀರು ಚಿಮುಕಿಸಿ. ಬಿಸಿಲಿಗಿಟ್ಟರೆ ಬೇಗ ಒಣಗಿ ಹಕ್ಕಳೆ ಏಳುತ್ತದೆ. ಕೊನೆಯ ಕೋಟಾಗಿ ಒಂದು ವಾರ ಕಳೆದ ಮೇಲೆ ಚೆನ್ನಾಗಿ ತೊಳೆದು ಒಣಗಿಸಿ, ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬಳಿಯಬಹುದು. ಥಿನ್ನರ್ ಇರುವ ಸ್ಪ್ರೇ ಥರ್ಮೋಕೋಲನ್ನೇ ಕರಗಿಸಿಬಿಡುತ್ತದೆ. ಅಂಚು, ಹಿಂಬದಿ ಬಿಡದೆ ಮುಚ್ಚಿ, ಏಕೆಂದರೆ ಆಹಾರಕ್ಕೆ ಬಿಟ್ಟು ಉಳಿದ ಮಿಡತೆಗಳು ಅಲ್ಲಿಂದ ಕಡಿದು ಒಳಗೆ ಗೂಡು ಮಾಡುತ್ತವೆ, ಉದುರಿದ ಥರ್ಮೋಕೋಲ್ ಗುಳಿಗೆಯನ್ನು ಡ್ರ್ಯಾಗನ್ ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ.

ಅಂಟಿಸಲು ಶೇ 100 ಸಿಲಿಕೋನ್ ಇರಲಿ. ಬಚ್ಚಲುಮನೆಗೆಂದು ಮಾರುವ, ಶಿಲೀಂಧ್ರನಾಶಕ ಸೇರಿಸಿದ್ದು ಬೇಡ. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ ಒಂದು ವಾರ, ಗೂಡು ಖಾಲಿ ಇರಲಿ. ಗ್ಲೂ ಗನ್ ಅಂಟು ದೀಪದ ಕೆಳಗೆ ಮೆತ್ತಗಾಗುತ್ತದೆ. ಟೇಪಂತೂ ಬೇಡವೇ ಬೇಡ. ಹಾವಿಗೆ ಅಂಟಿದರೆ ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ.

ಅಡಗುತಾಣಕ್ಕೆ ಮರಿಗಳಿಗಾದರೆ ತೆಂಗಿನ ಕರಟ, ದೊಡ್ಡ ಹಾವಿಗೆ ಬಣ್ಣ ಹಚ್ಚದ ಮಣ್ಣಿನ ಮಡಕೆ. ಮಡಕೆಯ ಬಾಯಿ ಹಾವಿನ ಮೈಯ ಅತಿ ದಪ್ಪ ಭಾಗದ ಎರಡರಷ್ಟು ಅಗಲವಿರಲಿ. ಇಲಿ ನುಂಗಿದ ಮೇಲೆ ಅದೇ ತೂತಿನಲ್ಲಿ ಸಿಕ್ಕಿಕೊಳ್ಳುವುದುಂಟು. ಕರಟದ ನಾರನ್ನು ಒಂದೆಳೆ ಬಿಡದೆ ಹೆರೆಯಿರಿ, ಇಲ್ಲದಿದ್ದರೆ ಹಲ್ಲಿಯ ಬೆರಳಿಗೆ ಸುತ್ತಿ ರಕ್ತ ನಿಲ್ಲುತ್ತದೆ. ಮರದ ಮೇಲಿನ ಪಾಚಿ ನೋಡಲು ಚೆಂದ, ಆದರೆ ಜಿಗಣೆ, ಬಸವನಹುಳು ಸಮೇತ ಬರುತ್ತದೆ. ಡ್ರ್ಯಾಗನ್‌ಗೆ ಬೇಕಾದ ಒಣ ಗೂಡಿನಲ್ಲಿ ಅದು ಉಳಿಯುವುದೂ ಇಲ್ಲ.

ಎಲ್ಲ ಜೋಡಿಸಿದ ಮೇಲೆ ಪ್ರಾಣಿ ಬಿಡದೆ ಎರಡು ದಿನ ದೀಪ ಉರಿಸಿ, ಕೊಂಬೆಯ ತುದಿಯ ಬಿಸಿ ಅಳೆಯಿರಿ. ಡ್ರ್ಯಾಗನ್ ಬಿಸಿಲು ಕಾಯುವ ಜಾಗ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೊಸ ಬೊಡ್ಡೆ ನಾಲ್ಕು ಇಂಚು ಎತ್ತರವಾದರೂ ಪ್ರಾಣಿ ದೀಪಕ್ಕೆ ಅಷ್ಟು ಹತ್ತಿರವಾಗುತ್ತದೆ. ಆಗ ದೀಪ ಮೇಲೇರಿಸಿ, ಇಲ್ಲವೇ ಬೊಡ್ಡೆಯ ಬುಡ ಕೊಯ್ದು ಗಿಡ್ಡ ಮಾಡಿ.